ನಾಲ್ಕು ಬಿಸ್ಕತ್ತು

ಅಣ್ಣಾ,

ಇದು ನಿನಗೆ ಮುಟ್ಟದ ಕಾಗದ. ಆದರೂ ಹೇಳಬೇಕು.

ಇವತ್ತು ನಿನ್ನ ಸಕ್ಕರೆ ನೋಡುವ ಮೆಷಿನ್ನನ್ನು ಬೇರೆ ಯಾರಿಗಾದರೂ ಆಗಲಿ ಎಂದು ಕ್ಲಿನಿಕ್ಕಿಗೆ ಕೊಡಲು ಹೋಗಿದ್ದೆ. ನರ್ಸಮ್ಮ ಗುಂಡಿ ಒತ್ತುತ್ತಾ ಹಳೆಯ ಅಂಕಿಗಳನ್ನು ಓದಿದರು. ಇನ್ನೂರ ಹತ್ತು, ನೂರ ಅರವತ್ತು, ನೂರು, ಎಪ್ಪತ್ತು.

"ಹೇಗೆ ಹತೋಟಿಗೆ ಬಂತು ನೋಡಿ! ನಾನು ಮಾಡಿಸಿದ ಪಥ್ಯ," ಎಂದೆ. ಇನ್ನೂ ಹೆಮ್ಮೆ ನನಗೆ.

"ಪಥ್ಯ ಅಲ್ಲಮ್ಮ. ನಿಮ್ಮಣ್ಣಂಗಾದ ಹಾಗೆ ಲಿವರ್ ವರ್ಷಗಟ್ಟಲೆ ಊದಿ ಊದಿ ಗಟ್ಟಿಯಾಗಿಬಿಟ್ರೆ, ರಾತ್ರಿಗೆ ಅಂತ ಸಕ್ಕರೆ ಕೂಡಿಡೋ ಶಕ್ತಿ ಅದಕ್ಕಿರಲ್ಲ, ಬೆಳಗಾಗೋದ್ರೊಳಗೆ ತೀರಾ ಇಳಿದುಬಿಡುತ್ತೆ. ಮಲಗೋ ಮುಂಚೆ ಏನಾದ್ರೂ ತಿನ್ನಿಸಿ ಅಂತ ಯಾರೂ ಹೇಳ್ಲಿಲ್ವಾ?"

ನಿನ್ನ ಮಾತಿನಲ್ಲಿ ನಿಜ ಯಾವುದು, ತಮಾಷೆ ಯಾವುದು ಎಂದು ನನಗೆ ಎಂದೂ ತಿಳಿಯುತ್ತಿರಲಿಲ್ಲ. ಲಿವರ್ ಕೆಟ್ಟು ಹಾರ್ಮೋನು ಏರುಪೇರಾಗಿ ಎದೆ ಉಬ್ಬಿದಾಗಲೂ, "ಇನ್ಮೇಲೆ ನನ್ನ ಅಕ್ಕಾ ಅಂತ ಕರಿಯೇ," ಎಂದು ನಗಿಸಿದವನು ನೀನು. ಅದಕ್ಕೇ, ನೀನು ಒಬ್ಬನೇ ಡಾಕ್ಟರ ಹತ್ತಿರ ಹೋಗಿ ಬಂದು, "ಮಲಗೋ ಮುಂಚೆ ನಾಲ್ಕು ಬಿಸ್ಕತ್ತು ತಿನ್ನಬೇಕಂತೆ ಕಣೇ," ಎಂದಾಗ, "ಆಹಾ, ಡಾಕ್ಟರ ಬಾಯಲ್ಲೂ ನಿನ್ನ ಸಿಹಿ ನಾಲಿಗೇನಾ?" ಎಂದು ನಾನು ಬಿಸ್ಕತ್ತಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನೀನೂ ನಕ್ಕೆ. ಮರುದಿನ ಇನ್ನೊಮ್ಮೆ ಕೇಳಿದೆ. ಆಮೇಲೆ ಕೇಳಲಿಲ್ಲ.

ಮೆಷಿನ್ನಿನ ಕೊನೆಯ ಅಂಕಿ ಇಪ್ಪತ್ತೊಂಬತ್ತು. ನೀನು ಕಣ್ಣು ತೆರೆಯದ ಆ ಬೆಳಗ್ಗೆ ನಾನು ಬೆರಳು ಚುಚ್ಚಿ ನೋಡಿದ್ದು. ನರ್ಸಮ್ಮ ಅದನ್ನು ಗಟ್ಟಿಯಾಗಿ ಓದಲಿಲ್ಲ. ಮತ್ತೆ ಕೇಳಿದರು, "ಯಾರೂ ಹೇಳಿರ್ಲಿಲ್ವಾಮ್ಮಾ?"

"ಇಲ್ಲ," ಎಂದೆ. "ಯಾರೂ ಹೇಳಿರಲಿಲ್ಲ."

ಮನೆಗೆ ಬಂದು ಬೀರುವಿನ ಮುಂದೆ ಕೂತಿದ್ದೇನೆ. ಬೀಗ ಇನ್ನೂ ತೆಗೆದಿಲ್ಲ.