ಹುಳು ತಿನ್ನುವ ಸದ್ದು

ಜೂನ್ 19, ಗುರುವಾರ

ತಮ್ಮದೇ ಪ್ರಾಜೆಕ್ಟ್ ಮಾಡುವ ಹೊತ್ತಿನಲ್ಲಿ ಮಕ್ಕಳ ಮನಸ್ಸು ಯಾಕೆ ಚದುರುತ್ತದೆ? ಇವತ್ತೂ ತರಗತಿಯಲ್ಲಿ ಸಾಲುಗಳ ನಡುವೆ ಓಡಾಡುತ್ತಲೇ ಇದ್ದೆ. ನಾನು ಹೋದ ಕಡೆ ಪೆನ್ಸಿಲ್ ಓಡುತ್ತದೆ, ದಾಟಿದ ಕಡೆ ಪಿಸುಮಾತು.

ಚಿಗುಸಾ ನಾವು ತರಗತಿಯಲ್ಲಿ ಸಾಕಿರುವ ರೇಷ್ಮೆಹುಳುಗಳ ಪೆಟ್ಟಿಗೆಗೆ ಕಿವಿಯಿಟ್ಟು ಕೂತಿದ್ದಳು. ಅವಳ ಹಾಳೆ ಖಾಲಿ. ನಿದ್ದೆಯಾ ಎಂದು ಕೇಳಿದೆ.

“ಮೇಷ್ಟ್ರೇ, ನಿಮ್ ಚಪ್ಪಲಿ ಸದ್ದಲ್ಲಿ ಏನೂ ಕೇಳಿಸ್ತಿಲ್ಲ! ಇವು ಎಲೆ ತಿನ್ನೋ ಸದ್ದೇ ನನ್ ಪ್ರಾಜೆಕ್ಟು. ನಾಳೆ ಗೂಡು ಕಟ್ಟೋಕೆ ಶುರು ಮಾಡಿದ್ರೆ ತಿನ್ನೋದೇ ಬಿಟ್ಬಿಡ್ತವೆ.”

ಹಿಂದಿನ ಸಾಲಿನಿಂದ ಗೆಂಟಾ, “ನೀವು ಬಂದಾಗ್ಲೆಲ್ಲ ಬರೆಯೋ ಹಾಗೆ ನಟಿಸ್ಬೇಕು ಮೇಷ್ಟ್ರೇ, ಅದೇ ನಮಗೆ ದೊಡ್ಡ ಕೆಲ್ಸ” ಎಂದ. ಎಲ್ಲರೂ ನಕ್ಕರು.

ಚಪ್ಪಲಿ ಕಳಚಿ ಅವಳ ಪಕ್ಕ ನೆಲದ ಮೇಲೆ ಕೂತೆ. ನಗು ನಿಧಾನವಾಗಿ ಅಡಗಿತು. ಆಮೇಲೆ ಕೇಳಿಸಿತು, ಎಲ್ಲೋ ದೂರದಲ್ಲಿ ಯಾರೋ ತೆಳುಕಾಗದ ಹರಿಯುತ್ತಿರುವ ಹಾಗೆ.

“ನಮ್ಮಜ್ಜ ಒಣ ಕಡಲಪಾಚಿ ಅಗಿಯೋ ಹಾಗಿದೆ, ಅಲ್ವಾ?” ಎಂದು ಪಿಸುಗುಟ್ಟಿ, ಚಿಗುಸಾ ಬರೆಯತೊಡಗಿದಳು.

ಅಷ್ಟು ಹೊತ್ತು ಉಳಿದವರು ಏನು ಮಾಡಿದರೋ, ನಾನು ನೋಡಲಿಲ್ಲ. ಗಂಟೆ ಹೊಡೆದಾಗ ಗೆಂಟಾ ತಲೆಯೆತ್ತದೆ, “ಸ್ವಲ್ಪ ಇರಿ” ಎಂದ. ಅದು ನಟನೆಯಂತೆ ಕಾಣಲಿಲ್ಲ.

ನಾಳೆ ಹುಳುಗಳು ತಿನ್ನುವುದನ್ನು ಬಿಟ್ಟ ಮೇಲೆ ನಾನು ಯಾವುದಕ್ಕೆ ಕಿವಿಗೊಟ್ಟು ಕೂರಬೇಕೋ, ಅದನ್ನೂ ಮಕ್ಕಳನ್ನೇ ಕೇಳಿದರೆ ಆಯಿತು.