ಒಲೆ ಮುಂದಿದ್ದ ಕೈ

ರೀ,

ಪುಟ್ಟಿಗೆ ಮತ್ತೆ ಜ್ವರ. ಬೆಳಗ್ಗೆ ನೂರೊಂದು ಇತ್ತು. ಔಷಧಿ ಕೊಟ್ಟು, ಅತ್ತೆ ಹತ್ರ ಬಿಟ್ಟು ಡ್ಯೂಟಿಗೆ ಹೊರಟಿದ್ದೀನಿ.

ಬೇಕರಿಯಿಂದ ಬಂದವರೇ ಹಣೆ ಮುಟ್ಟಿ "ತಣ್ಣಗಿದ್ದಾಳೆ" ಅನ್ನಬೇಡಿ. ಹೋದ ಸಲ ಹಾಗಂದು ಸ್ಕೂಲಿಗೆ ಕಳಿಸಿದ್ರಿ, ಮಧ್ಯಾಹ್ನ ಹೊತ್ಕೊಂಡು ಬಂದವಳು ನಾನು. ನಸುಕಿನಿಂದ ಒಲೆ ಮುಂದಿದ್ದ ಕೈಗೆ ಯಾರ ಹಣೆಯಾದ್ರೂ ತಣ್ಣಗೇ ಇರುತ್ತೆ. ನನ್ನ ಕೈಯನ್ನೂ ನಂಬಬೇಡಿ. ತಣ್ಣೀರಲ್ಲಿ ಪಾತ್ರೆ ತೊಳೆದು ಮುಟ್ಟಿದ್ರೆ ಜ್ವರ ಇಲ್ಲದ ಅತ್ತೆ ಹಣೆನೂ ಸುಡ್ತಿತ್ತು.

ಥರ್ಮಾಮೀಟರ್ ಕನ್ನಡಿ ಹಿಂದೆ ಇದೆ. ಅತ್ತೆಗೆ ಗೆರೆ ಕಾಣಲ್ಲ, ನೀವೇ ನೋಡಿ. ಚೆನ್ನಾಗಿ ಒದರಿ ಪಾದರಸ ಇಳಿಸಿ, ಕಂಕುಳಲ್ಲಿ ಐದು ನಿಮಿಷ ಇಡಿ. ಎಷ್ಟಿದೆ ಅಂತ ಈ ಚೀಟಿ ಹಿಂದೆ ಬರೀರಿ. ನೂರೆರಡು ದಾಟಿದ್ರೆ ಫೋನ್ ಮಾಡಿ.

ಬರೆದಾದ ಮೇಲೆ ಕೈಯನ್ನ ಹಣೆ ಮೇಲೇ ಇಟ್ಟಿರಿ. ಅಪ್ಪನ ಕೈ ಬರೋವರೆಗೂ ಮಲಗಲ್ಲ ಅಂತ ಕೂತಿದ್ದಾಳೆ.