ಉತ್ತರದ ರೈಲು ನಿಲ್ಲುವಷ್ಟು ಹೊತ್ತು

ತೈಶೆತ್, 1996 ನವೆಂಬರ್ 3

ಅಪ್ಪನಿಗೆ,

ಅಮ್ಮ ಸೆಪ್ಟೆಂಬರಿನಲ್ಲಿ ತೀರಿಕೊಂಡಳು. ಈ ತಿಂಗಳ ಕೊನೆಗೆ ನಾನು ಮನೆ ಖಾಲಿ ಮಾಡಿ ಗಂಡನಿರುವ ಖಬಾರೊವ್ಸ್ಕ್‌ಗೆ ಹೊರಡುತ್ತೇನೆ, ಮತ್ತೆ ಬರುವುದಿಲ್ಲ. ಅಲ್ಲಿಗೆ ಎರಡು ದಾರಿ. ದಕ್ಷಿಣದ ರೈಲು ಬೇಗ ತಲುಪುತ್ತದೆ, ಬೆಚ್ಚಗೂ ಇರುತ್ತದೆ. ಉತ್ತರದ್ದು ಸುತ್ತು, ನಡುವೆ ರೈಲು ಬದಲಿಸಬೇಕು. ಆದರೆ ಅದು ನಿಮ್ಮ ಊರಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಝೋಯಾ ಚಿಕ್ಕಮ್ಮನಿಗೆ ಸಿಟ್ಟು. “ಹಳಿ ಹಾಕ್ತೀನಿ ಅಂತ ಹೋಗಿ ಹೊಸ ಸಂಸಾರ ಹೂಡಿದೋನು! ಅವನ ಮುಖ ನೋಡೋಕೆ ಅಷ್ಟು ದೂರ ನಡುಗ್ತಾ ಹೋಗ್ತೀಯೇನೇ, ಪೆದ್ದಿ?” ಎಂದಳು.

ಅಮ್ಮ ನಿಮ್ಮನ್ನು ಬೈದದ್ದು ನಾನು ಕೇಳಿಲ್ಲ. ಯಾರಾದರೂ ದೂರ ಹೊರಟರೆ ಮನೆಯವರೆಲ್ಲ ಒಂದು ಗಳಿಗೆ ಜೊತೆಗೆ ಸುಮ್ಮನೆ ಕೂರುತ್ತೇವಲ್ಲ. “ಅವತ್ತು ನಿಮ್ಮಪ್ಪ ಕೂರಲೇ ಇಲ್ಲ ಕಣೇ, ಅದಕ್ಕೇ ವಾಪಸ್ ಬರೋ ದಾರಿ ಸಿಗಲಿಲ್ಲ ಅವರಿಗೆ,” ಎನ್ನುತ್ತಿದ್ದಳು. ಅಷ್ಟೇ.

ಇಲ್ಲಿಯ ಕುರ್ಚಿಗಳನ್ನೆಲ್ಲ ಮಾರಿಯಾಯಿತು. ರೈಲಿನ ದಿನವನ್ನು ತಂತಿಯಲ್ಲಿ ತಿಳಿಸುತ್ತೇನೆ. ನಿಲ್ದಾಣಕ್ಕೆ ಒಬ್ಬರೇ ಬನ್ನಿ. ದಾರಿಗೆಂದು ನಿಮ್ಮೂರ ಸರೋವರದ ಮೀನು ತರಬೇಡಿ, ಏನನ್ನೂ ವಿವರಿಸಬೇಡಿ. ನನ್ನ ಪೆಟ್ಟಿಗೆ ದೊಡ್ಡದು, ಇಬ್ಬರು ಕೂರಬಹುದು.

ನಾಳೆ ಉತ್ತರದ ದಾರಿಗೇ ಟಿಕೆಟ್ ತೆಗೆಸುತ್ತೇನೆ.

ರಿಮ್ಮಾ